ಬಳಸಿದ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಟ್ರಾನ್ಸ್‌ಫರ್ ಕೇಸ್ ದೋಷಗಳು

ಟ್ರಾನ್ಸ್‌ಫರ್ ಕೇಸ್ ಎಂಬುದು ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಗೇರ್ ಬಾಕ್ಸಿನಿಂದ ಬರುವ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಹಂಚುವ ಯಂತ್ರಭಾಗ. ಜೀಪು, ಜಿಪ್ಸಿ, ಥಾರ್ ಮೊದಲಾದ ವಾಹನಗಳಲ್ಲಿ ಮುಖ್ಯ ಗೇರ್ ಲಿವರಿನ ಪಕ್ಕದಲ್ಲಿ ಕಾಣುವ ಚಿಕ್ಕ ಲಿವರು ಇದಕ್ಕೆ ಸೇರಿದ್ದು. ಇತ್ತೀಚಿನ ಕೆಲವು ವಾಹನಗಳಲ್ಲಿ ಲಿವರಿನ ಬದಲು ಡ್ಯಾಶ್‌ಬೋರ್ಡಿನಲ್ಲಿ ತಿರುಗಿಸುವ ಗುಂಡಿ ಇರುತ್ತದೆ. ಬಳಸಿದ ವಾಹನವನ್ನು ಕೊಳ್ಳುವವರು ಎಂಜಿನ್, ಟೈರು, ಬಣ್ಣಗಳನ್ನು ಗಮನಿಸಿ ಈ ಭಾಗವನ್ನು ಪರೀಕ್ಷಿಸದೆ ಬಿಡುವುದುಂಟು. ಟಾರು ರಸ್ತೆಯಲ್ಲಿ ವಾಹನ ಹಿಂದಿನ ಎರಡು ಚಕ್ರಗಳ ಬಲದಿಂದಲೇ ಓಡುವುದರಿಂದ, ಟ್ರಾನ್ಸ್‌ಫರ್ ಕೇಸ್ ಕೆಟ್ಟಿದ್ದರೂ ಸಾಮಾನ್ಯ ಓಡಾಟದಲ್ಲಿ ಅದು ತಿಳಿಯದೆ ಹೋಗಬಹುದು. ಕೆಸರಿನಲ್ಲಿ ಅಥವಾ ಏರಿನಲ್ಲಿ ಸಿಲುಕಿದಾಗ ಮಾತ್ರ ದೋಷ ಬೆಳಕಿಗೆ ಬರುತ್ತದೆ.

ರಚನೆ ಮತ್ತು ಕಾರ್ಯ

ಟ್ರಾನ್ಸ್‌ಫರ್ ಕೇಸಿಗೆ ಒಂದು ಒಳಬರುವ ದಂಡವೂ ಎರಡು ಹೊರಹೋಗುವ ದಂಡಗಳೂ ಇರುತ್ತವೆ. ಹೊರಹೋಗುವ ದಂಡಗಳಲ್ಲಿ ಒಂದು ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗೆ, ಇನ್ನೊಂದು ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಜೋಡಣೆಯಾಗಿರುತ್ತದೆ. ಲೋಹದ ಪೆಟ್ಟಿಗೆಯೊಳಗೆ ಹಲ್ಲುಚಕ್ರಗಳು ಅಥವಾ ಹಲ್ಲುಚಕ್ರಗಳೊಂದಿಗೆ ಒಂದು ಉಕ್ಕಿನ ಸರಪಳಿ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ.

ಸಾಮಾನ್ಯವಾಗಿ ಇದಕ್ಕೆ ನಾಲ್ಕು ಸ್ಥಾನಗಳಿರುತ್ತವೆ:

- 2H: ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ, ದಿನನಿತ್ಯದ ರಸ್ತೆಗೆ.
- 4H: ಎರಡೂ ಅಚ್ಚುಗಳಿಗೆ ಶಕ್ತಿ, ಕೆಸರು, ಮರಳು, ಸಡಿಲ ಮಣ್ಣಿಗೆ.
- N: ಯಾವ ಅಚ್ಚಿಗೂ ಶಕ್ತಿಯಿಲ್ಲದ ನ್ಯೂಟ್ರಲ್ ಸ್ಥಾನ.
- 4L: ಎರಡೂ ಅಚ್ಚುಗಳಿಗೆ ಕಡಿಮೆ ವೇಗದಲ್ಲಿ ಹೆಚ್ಚಿನ ಎಳೆತ, ಕಡಿದಾದ ಏರಿಗೆ, ಇಳಿಜಾರಿಗೆ.

4L ಸ್ಥಾನದಲ್ಲಿ ಇನ್ನೊಂದು ಹಂತದ ವೇಗ ಇಳಿಕೆ ಸೇರಿಕೊಳ್ಳುತ್ತದೆ. ಉದಾಹರಣೆಗೆ, 2010ರಲ್ಲಿ ಬಂದ ಮಹೀಂದ್ರ ಥಾರ್ ವಾಹನದಲ್ಲಿ ಈ ಅನುಪಾತ 2.48. ಅಂದರೆ ಎಂಜಿನ್ ಅದೇ ವೇಗದಲ್ಲಿ ತಿರುಗುತ್ತಿದ್ದರೂ ಚಕ್ರಗಳ ವೇಗ ಸುಮಾರು ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ; ಚಕ್ರಕ್ಕೆ ದೊರೆಯುವ ತಿರುಚುಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ.

ಹಿನ್ನೆಲೆ

ಪೆಟ್ರೋಲ್ ಎಂಜಿನ್ನಿನ ನಾಲ್ಕು ಚಕ್ರ ಚಾಲನೆಯ ಮೊದಲ ಕಾರುಗಳಲ್ಲಿ ನೆದರ್‌ಲೆಂಡ್ಸಿನ ಸ್ಪೈಕರ್ ಸಂಸ್ಥೆಯ 1903ರ ಕಾರು ಪ್ರಸಿದ್ಧವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪು ಈ ತಂತ್ರವನ್ನು ಜಗತ್ತಿಗೆ ಪರಿಚಯಿಸಿತು. ಭಾರತದಲ್ಲಿ ಮಹೀಂದ್ರ ಸಂಸ್ಥೆ 1947ರಿಂದ ವಿಲ್ಲಿಸ್ ಜೀಪುಗಳನ್ನು ತರಿಸಿ ಜೋಡಿಸತೊಡಗಿತು. ಈ ಜೀಪುಗಳ ಟ್ರಾನ್ಸ್‌ಫರ್ ಕೇಸ್ ಸ್ಪೈಸರ್ ಮಾದರಿ 18 ಎಂದು ಹೆಸರಾದುದು. ಅದು ಗೇರ್ ಬಾಕ್ಸಿನ ಹಿಂಬದಿಗೆ ನೇರವಾಗಿ ಕೂಡಿರುತ್ತದೆ. ಅದರ ಎರಡು ಲಿವರುಗಳಲ್ಲಿ ಒಂದು ಮುಂದಿನ ಅಚ್ಚನ್ನು ಸೇರಿಸಲು, ಇನ್ನೊಂದು ವೇಗದ ಶ್ರೇಣಿಯನ್ನು ಬದಲಿಸಲು.

1985ರಲ್ಲಿ ಬಂದ ಮಾರುತಿ ಜಿಪ್ಸಿಯ ರಚನೆ ಬೇರೆ. ಅದರಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿರದೆ, ಚೌಕಟ್ಟಿನ ಮೇಲೆ ರಬ್ಬರ್ ಮೌಂಟಿಂಗ್‌ಗಳ ಆಧಾರದಲ್ಲಿ ಪ್ರತ್ಯೇಕವಾಗಿ ಕುಳಿತಿರುತ್ತದೆ. ಎರಡರ ನಡುವೆ ಒಂದು ಗಿಡ್ಡ ಶಾಫ್ಟ್ ಇರುತ್ತದೆ. ಜಬಲ್‌ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ನಿಸ್ಸಾನ್ ವಿನ್ಯಾಸದಂತೆ ಸೈನ್ಯಕ್ಕಾಗಿ ತಯಾರಾಗುತ್ತಿದ್ದ ಜೊಂಗಾ ವಾಹನಗಳೂ ಸೇವೆಯಿಂದ ನಿವೃತ್ತವಾದ ಮೇಲೆ ಹರಾಜಿನ ಮೂಲಕ ಖಾಸಗಿಯವರ ಕೈಸೇರಿವೆ. ಥಾರ್, ಸ್ಕಾರ್ಪಿಯೊ ಮೊದಲಾದ ನಂತರದ ವಾಹನಗಳಲ್ಲಿ ಬೋರ್ಗ್‌ವಾರ್ನರ್ ಸಂಸ್ಥೆಯ ವಿನ್ಯಾಸದ ಟ್ರಾನ್ಸ್‌ಫರ್ ಕೇಸ್ ಬಳಕೆಗೆ ಬಂದಿತು.

ಚನ್ನಪಟ್ಟಣ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ಬಳಕೆ

ಚನ್ನಪಟ್ಟಣ, ರಾಮನಗರ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಬಂಡೆಗಲ್ಲಿನ ಬೆಟ್ಟಗಳ ನಾಡು. ರಾಮದೇವರ ಬೆಟ್ಟ, ಸಾವನದುರ್ಗ, ಕಬ್ಬಾಳದುರ್ಗ ಮೊದಲಾದವು ಇಲ್ಲಿವೆ. ಕನಕಪುರ ತಾಲ್ಲೂಕಿನ ಬಿಳಿಕಲ್ ರಂಗಸ್ವಾಮಿ ಬೆಟ್ಟಕ್ಕೆ ಹೋಗುವ ಒರಟು ದಾರಿ ಜೀಪುಗಳಿಗೆ ಹೇಳಿ ಮಾಡಿಸಿದಂಥದು. ಅದೇ ತಾಲ್ಲೂಕಿನ ದಕ್ಷಿಣದಲ್ಲಿ ಕಾವೇರಿ ಕಣಿವೆಯ ಕಾಡು ಹರಡಿದೆ. ಆದರೆ ಬೆಂಗಳೂರು–ಮೈಸೂರು ರಸ್ತೆಯ ಮೇಲಿರುವ ಚನ್ನಪಟ್ಟಣದಂತಹ ಊರಿನಲ್ಲಿ ವಾಹನದ ಬಹುಪಾಲು ಓಟ ನಡೆಯುವುದು ಟಾರು ರಸ್ತೆಯಲ್ಲೇ. ತೋಟ, ಹೊಲ, ಬೆಟ್ಟದ ದಾರಿಗಳಲ್ಲಿ ನಾಲ್ಕು ಚಕ್ರ ಚಾಲನೆ ಬೇಕಾಗುವುದು ಮಳೆಗಾಲದ ಕೆಲವೇ ದಿನ.

ಇಂತಹ ಬಳಕೆಯಿಂದ ಎರಡು ಬಗೆಯ ತೊಂದರೆ ಸಹಜವಾಗಿ ಹುಟ್ಟುತ್ತವೆ. ಮೊದಲನೆಯದು, ತಿಂಗಳುಗಟ್ಟಲೆ ಅಲುಗಾಡದ ಲಿವರು ಮತ್ತು ಅದರ ಕೊಂಡಿಗಳು ತುಕ್ಕು, ಧೂಳಿನಿಂದ ಬಿಗಿದುಕೊಳ್ಳುವುದು. ಎರಡನೆಯದು, ಬೇಕಾದಾಗ ಹಾಕಿದ 4H ಅನ್ನು ತೆಗೆಯಲು ಮರೆತು ಒಣಗಿದ ಟಾರು ರಸ್ತೆಯಲ್ಲಿ ಓಡಿಸುವುದು. ಮಲೆನಾಡಿನಿಂದ ಬಂದ ವಾಹನದ ಕಥೆ ಬೇರೆ. ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಯಂತಹ ಕಡಿದಾದ ಹಾದಿಯಲ್ಲೋ ಕಾಫಿ ತೋಟದಲ್ಲೋ ದುಡಿದ ಜೀಪಿನಲ್ಲಿ ಲಿವರು ಸರಾಗವಾಗಿ ಬೀಳಬಹುದು; ಆದರೆ ಹಲ್ಲುಗಳ ಸವೆತ, ಎಣ್ಣೆಗೆ ನೀರು ಸೇರುವುದು, ಸೀಲುಗಳ ಹಾನಿ ಅಲ್ಲಿ ಹೆಚ್ಚು. ಆದ್ದರಿಂದ ವಾಹನ ಎಷ್ಟು ಓಡಿದೆ ಎಂಬುದರ ಜೊತೆಗೆ ಎಲ್ಲಿ ಓಡಿದೆ ಎಂಬುದನ್ನೂ ತಿಳಿಯುವುದು ಅವಶ್ಯ.

ಒಣ ರಸ್ತೆಯಲ್ಲಿ ಬಿಗಿತ

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನ ಚಕ್ರಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ನಡುವೆ ಡಿಫರೆನ್ಷಿಯಲ್ ಇಲ್ಲದ ಟ್ರಾನ್ಸ್‌ಫರ್ ಕೇಸಿನಲ್ಲಿ 4H ಹಾಕಿದಾಗ ಎರಡೂ ಪ್ರೊಪೆಲ್ಲರ್ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಚಕ್ರ ಜಾರದು. ವ್ಯತ್ಯಾಸವೆಲ್ಲ ಶಾಫ್ಟು, ಜಾಯಿಂಟು, ಸರಪಳಿ, ಹಲ್ಲುಗಳ ಮೇಲೆ ಒತ್ತಡವಾಗಿ ಕೂಡಿಕೊಳ್ಳುತ್ತದೆ. ಸ್ಟಿಯರಿಂಗ್ ಭಾರವಾಗುವುದು, ತಿರುವಿನಲ್ಲಿ ವಾಹನ ತಡೆದಂತಾಗುವುದು, ಲಿವರು 2H ಸ್ಥಾನಕ್ಕೆ ಮರಳಲು ನಿರಾಕರಿಸುವುದು ಇದರ ಲಕ್ಷಣಗಳು. ಹೀಗಾದಾಗ ಲಿವರನ್ನು ಬಲವಂತವಾಗಿ ಎಳೆಯಬಾರದು. ವಾಹನವನ್ನು ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ಓಡಿಸಿದರೆ ಅಥವಾ ಮಣ್ಣಿನ ನೆಲಕ್ಕೆ ಇಳಿಸಿದರೆ ಸಾಮಾನ್ಯವಾಗಿ ಒತ್ತಡ ಸಡಿಲವಾಗಿ ಲಿವರು ಬಿಟ್ಟುಕೊಳ್ಳುತ್ತದೆ.

ಟೈರುಗಳ ಅಳತೆ ಹೊಂದಿಕೆಯಾಗದಿದ್ದರೆ ನೇರ ರಸ್ತೆಯಲ್ಲೂ ಇದೇ ಬಿಗಿತ ಉಂಟಾಗುತ್ತದೆ. ಟೈರಿನ ಸುತ್ತಳತೆ 2.2 ಮೀಟರ್ ಎಂದುಕೊಂಡರೆ ಒಂದು ಕಿಲೋಮೀಟರಿಗೆ ಅದು ಸುಮಾರು 455 ಸುತ್ತು ತಿರುಗುತ್ತದೆ. ಮುಂದಿನ ಟೈರುಗಳು ಶೇಕಡಾ 1ರಷ್ಟು ಮಾತ್ರ ಸವೆದು ಚಿಕ್ಕವಾಗಿದ್ದರೂ ಅವು ಸುಮಾರು ನಾಲ್ಕೂವರೆ ಸುತ್ತು ಹೆಚ್ಚು ತಿರುಗಬೇಕು. ಅಚ್ಚಿನ ಅನುಪಾತ 4 ಆಗಿದ್ದರೆ ಪ್ರೊಪೆಲ್ಲರ್ ಶಾಫ್ಟುಗಳ ನಡುವಿನ ವ್ಯತ್ಯಾಸ ಪ್ರತಿ ಕಿಲೋಮೀಟರಿಗೆ 18 ಸುತ್ತಾಗುತ್ತದೆ. ಮುಂದೆ ಒಂದು ಜೊತೆ ಹೊಸ ಟೈರು, ಹಿಂದೆ ಬೇರೆ ಅಳತೆಯ ಹಳೆಯ ಟೈರು ಇರುವ ವಾಹನದ ಟ್ರಾನ್ಸ್‌ಫರ್ ಕೇಸನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ.

ಸಾಮಾನ್ಯ ದೋಷಗಳು

ಎಣ್ಣೆ ಸೋರಿಕೆ: ಹೊರಹೋಗುವ ದಂಡಗಳ ಆಯಿಲ್ ಸೀಲುಗಳು ಗಟ್ಟಿಯಾಗಿ ಬಿರುಕು ಬಿಟ್ಟಾಗ ಎಣ್ಣೆ ಸೋರುತ್ತದೆ. ಪೆಟ್ಟಿಗೆಯ ಮೇಲಿರುವ ಗಾಳಿಕಿಂಡಿ ಧೂಳಿನಿಂದ ಮುಚ್ಚಿಹೋದರೆ, ಬಿಸಿಯಾದ ಒಳಗಾಳಿ ಹೊರಹೋಗಲಾರದೆ ಸೀಲಿನ ಮೂಲಕ ಎಣ್ಣೆಯನ್ನು ದೂಡುತ್ತದೆ. ಇಂತಹ ಸಂದರ್ಭದಲ್ಲಿ ಸೀಲನ್ನು ಎಷ್ಟು ಸಲ ಬದಲಿಸಿದರೂ ಸೋರಿಕೆ ನಿಲ್ಲದು. ಜಿಪ್ಸಿಯಂತಹ ಚಿಕ್ಕ ವಾಹನದ ಟ್ರಾನ್ಸ್‌ಫರ್ ಕೇಸಿಗೆ ಹಿಡಿಸುವ ಎಣ್ಣೆ ಒಂದು ಲೀಟರಿಗೂ ಕಡಿಮೆಯಾದ್ದರಿಂದ ಸಣ್ಣ ಸೋರಿಕೆಯೂ ಬೇಗ ಬೇರಿಂಗುಗಳನ್ನು ಒಣಗಿಸುತ್ತದೆ.

ಎಣ್ಣೆಗೆ ನೀರು ಸೇರುವುದು: ಬಿಸಿಯಾದ ಪೆಟ್ಟಿಗೆ ಹಳ್ಳದ ನೀರಿನಲ್ಲಿ ಹಠಾತ್ತನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಗಾಳಿಕಿಂಡಿ ಅಥವಾ ಸೀಲಿನ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಎಣ್ಣೆ ಹಾಲು ಬೆರೆಸಿದಂತೆ ಬಿಳಿಚಿಕೊಳ್ಳುತ್ತದೆ. ಅಂತಹ ಎಣ್ಣೆಯನ್ನು ತಡಮಾಡದೆ ಬದಲಿಸದಿದ್ದರೆ ಬೇರಿಂಗುಗಳು ತುಕ್ಕು ಹಿಡಿಯುತ್ತವೆ.

ಗೇರ್ ಜಾರುವುದು: 4H ಅಥವಾ 4L ಹಾಕಿ ಏರು ಹತ್ತುವಾಗ ಲಿವರು ತಾನಾಗಿ ಕಳಚಿ ಬೀಳುವುದು ಗಂಭೀರ ದೋಷ. ಜೋಡಣೆಯ ಹಲ್ಲುಗಳ ಅಂಚು ಸವೆದು ದುಂಡಗಾಗಿರುವುದು, ಲಿವರಿನ ಫೋರ್ಕ್ ಬಾಗಿರುವುದು, ಫೋರ್ಕನ್ನು ಸ್ಥಾನದಲ್ಲಿ ಹಿಡಿದಿಡುವ ಸ್ಪ್ರಿಂಗ್ ಸೋತಿರುವುದು ಇದಕ್ಕೆ ಕಾರಣ. ಜಿಪ್ಸಿಯಲ್ಲಿ ರಬ್ಬರ್ ಮೌಂಟಿಂಗ್ ಹರಿದು ಇಡೀ ಪೆಟ್ಟಿಗೆ ವಾಲಿದಾಗಲೂ ಹೀಗಾಗುತ್ತದೆ. ಆಗ ಪೆಟ್ಟಿಗೆಯನ್ನು ಬಿಚ್ಚುವ ಅಗತ್ಯವಿಲ್ಲದೆ ಮೌಂಟಿಂಗ್ ಬದಲಿಸಿದರೆ ಸಾಕು.

ಸರಪಳಿ ಸಡಿಲವಾಗುವುದು: ಸರಪಳಿಯಿರುವ ಮಾದರಿಗಳಲ್ಲಿ ವರ್ಷಗಳ ಬಳಕೆಯಿಂದ ಅದು ಉದ್ದವಾಗುತ್ತದೆ. 4H ಹಾಕಿ ಭಾರ ಬಿದ್ದಾಗ ಅದು ಹಲ್ಲಿನ ಮೇಲಿಂದ ಹಾರಿ ‘ಟಣ್’ ಎಂದು ಸದ್ದು ಮಾಡುತ್ತದೆ. ಮುಂದುವರಿದರೆ ಸರಪಳಿ ಅಲ್ಯೂಮಿನಿಯಂ ಪೆಟ್ಟಿಗೆಯ ಒಳಗೋಡೆಯನ್ನು ಉಜ್ಜಿ ತೂತು ಮಾಡುವುದೂ ಉಂಟು.

ನಡುವಿನ ದಂಡದ ಸವೆತ: ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ನಡುವಿನ ಹಲ್ಲುಚಕ್ರ ಒಂದು ಸ್ಥಿರ ದಂಡದ ಮೇಲೆ ಸೂಜಿ ಬೇರಿಂಗುಗಳ ಆಧಾರದಲ್ಲಿ ತಿರುಗುತ್ತದೆ. ಎಣ್ಣೆ ಕಡಿಮೆಯಾದಾಗ ಈ ದಂಡದ ಮೈ ಗುಳಿಬಿದ್ದು ಜೋರಾದ ಗೊರಗೊರ ಶಬ್ದ ಹೊರಡುತ್ತದೆ. ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಎಣ್ಣೆ ಹರಿದು, ಒಂದು ಕಡೆ ಹೆಚ್ಚಾಗಿ ಮತ್ತೊಂದು ಕಡೆ ಬರಿದಾಗುವುದೂ ಈ ಜೀಪುಗಳಲ್ಲಿ ಪರಿಚಿತ ತೊಂದರೆ.

ವಿದ್ಯುತ್ ದೋಷ: ಗುಂಡಿ ತಿರುಗಿಸುವ ಮಾದರಿಗಳಲ್ಲಿ ಒಂದು ಸಣ್ಣ ಮೋಟಾರು ಫೋರ್ಕನ್ನು ಚಲಿಸುತ್ತದೆ. ಮೋಟಾರಿನ ಒಳಗೆ ನೀರು, ತಂತಿಯ ಜೋಡಣೆಯಲ್ಲಿ ತುಕ್ಕು, ಸ್ಥಾನವನ್ನು ತಿಳಿಸುವ ಸಂವೇದಕದ ವೈಫಲ್ಯ ಇವುಗಳಿಂದ ಸೂಚಕ ದೀಪ ಮಿನುಗುತ್ತಲೇ ಇದ್ದು ಚಾಲನೆ ಬದಲಾಗುವುದಿಲ್ಲ. ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಫ್ಯೂಸ್, ರಿಲೇ ಮತ್ತು ತಂತಿಗಳನ್ನು ನೋಡುವುದು ಕ್ರಮ.

ಮುಂಚಕ್ರದ ಹಬ್ ದೋಷ: ಕೆಲವು ವಾಹನಗಳಲ್ಲಿ ಮುಂದಿನ ಚಕ್ರಗಳ ಹಬ್‌ಗಳನ್ನು ಕೈಯಿಂದ ತಿರುಗಿಸಿ ಅಥವಾ ನಿರ್ವಾತ ನಳಿಕೆಯ ಮೂಲಕ ಲಾಕ್ ಮಾಡಬೇಕಾಗುತ್ತದೆ. ಹಬ್ ಲಾಕ್ ಆಗದಿದ್ದರೆ ಟ್ರಾನ್ಸ್‌ಫರ್ ಕೇಸ್ ಸರಿಯಾಗಿದ್ದು ಮುಂದಿನ ಶಾಫ್ಟ್ ತಿರುಗುತ್ತಿದ್ದರೂ ಚಕ್ರ ಎಳೆಯುವುದಿಲ್ಲ. ಒಂದು ನಳಿಕೆಯ ಬಿರುಕನ್ನು ಟ್ರಾನ್ಸ್‌ಫರ್ ಕೇಸಿನ ದೋಷವೆಂದು ತಿಳಿದು ಅನಗತ್ಯ ವೆಚ್ಚ ಮಾಡುವ ಸಾಧ್ಯತೆ ಇರುತ್ತದೆ.

ಶಬ್ದದಿಂದ ದೋಷ ಗುರುತಿಸುವಿಕೆ

ಹಳೆಯ ಜೀಪುಗಳಲ್ಲಿ ಹಲ್ಲುಚಕ್ರಗಳ ಸ್ವಲ್ಪ ಮೊರೆತ ಸಹಜ. ದೋಷದ ಶಬ್ದವನ್ನು ಬೇರ್ಪಡಿಸಲು ಕೆಲವು ಸರಳ ಕ್ರಮಗಳಿವೆ.

ವಾಹನ ನಿಂತಿದ್ದು, ಗೇರ್ ಬಾಕ್ಸ್ ನ್ಯೂಟ್ರಲಿನಲ್ಲಿ, ಕ್ಲಚ್ ಬಿಟ್ಟಾಗ ಶಬ್ದ ಬಂದು ಕ್ಲಚ್ ಒತ್ತಿದಾಗ ನಿಂತರೆ ದೋಷ ಗೇರ್ ಬಾಕ್ಸಿನದು. ಆಗ ಟ್ರಾನ್ಸ್‌ಫರ್ ಕೇಸ್ ತಿರುಗುತ್ತಲೇ ಇರುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ವೇಗ ಪಡೆದು ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲಿಗೆ ತಂದಾಗಲೂ ಶಬ್ದ ಮುಂದುವರಿದರೆ ಟ್ರಾನ್ಸ್‌ಫರ್ ಕೇಸ್, ಶಾಫ್ಟ್ ಅಥವಾ ಅಚ್ಚುಗಳನ್ನು ಅನುಮಾನಿಸಬೇಕು. 2H ನಲ್ಲಿ ಇಲ್ಲದ ಶಬ್ದ 4H ನಲ್ಲಿ ಮಾತ್ರ ಬಂದರೆ ಸರಪಳಿ, ಮುಂದಿನ ಶಾಫ್ಟು ಮತ್ತು ಅದರ ಯೂನಿವರ್ಸಲ್ ಜಾಯಿಂಟುಗಳ ಕಡೆ ನೋಡಬೇಕು. ವೇಗ ಹೆಚ್ಚಿದಂತೆ ಹೆಚ್ಚುವ ನಡುಕ ಸಾಮಾನ್ಯವಾಗಿ ಜಾಯಿಂಟು ಅಥವಾ ಶಾಫ್ಟಿನ ಸಮತೋಲನಕ್ಕೆ ಸಂಬಂಧಿಸಿದ್ದು.

ನ್ಯೂಟ್ರಲ್ ಸ್ಥಾನ ಮತ್ತು ಸುರಕ್ಷತೆ

ಟ್ರಾನ್ಸ್‌ಫರ್ ಕೇಸಿನ ದೋಷ ಹಣದ ನಷ್ಟಕ್ಕಷ್ಟೇ ಸೀಮಿತವಲ್ಲ. ಅದು ನ್ಯೂಟ್ರಲ್ ಸ್ಥಾನದಲ್ಲಿದ್ದರೆ ಎಂಜಿನ್ನಿಗೂ ಚಕ್ರಗಳಿಗೂ ಸಂಬಂಧವೇ ಇರುವುದಿಲ್ಲ. ಇಳಿಜಾರಿನಲ್ಲಿ ವಾಹನವನ್ನು ಮೊದಲ ಗೇರಿನಲ್ಲಿ ಇಟ್ಟು ಎಂಜಿನ್ ನಿಲ್ಲಿಸಿದ್ದರೂ, ಆಟೋಮ್ಯಾಟಿಕ್ ವಾಹನವನ್ನು ‘ಪಿ’ ಸ್ಥಾನದಲ್ಲಿ ಇಟ್ಟಿದ್ದರೂ, ಹ್ಯಾಂಡ್ ಬ್ರೇಕ್ ಹಿಡಿಯದಿದ್ದರೆ ವಾಹನ ಉರುಳುತ್ತದೆ. ಜಾರುವ ಲಿವರಿರುವ ವಾಹನ ಏರಿನ ನಡುವೆ ನ್ಯೂಟ್ರಲಿಗೆ ಬಿದ್ದರೂ ಅಪಾಯ ಅಷ್ಟೇ: ಎಂಜಿನ್ನಿನ ತಡೆ ಇಲ್ಲವಾಗಿ ಇಡೀ ಭಾರ ಕಾಲ ಬ್ರೇಕಿನ ಮೇಲೆ ಬೀಳುತ್ತದೆ.

ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಇನ್ನೊಂದು ವಿಶೇಷವಿದೆ. ಅವುಗಳ ಹ್ಯಾಂಡ್ ಬ್ರೇಕ್ ಚಕ್ರಗಳಲ್ಲಿ ಇರದೆ ಟ್ರಾನ್ಸ್‌ಫರ್ ಕೇಸಿನ ಹಿಂದಿನ ದಂಡದ ಮೇಲೆ ಇರುತ್ತದೆ. ಆ ದಂಡದ ಸೀಲು ಸೋರಿದರೆ ಎಣ್ಣೆ ನೇರವಾಗಿ ಬ್ರೇಕ್ ಲೈನಿಂಗಿಗೆ ಬಿದ್ದು ಹಿಡಿತ ತಪ್ಪುತ್ತದೆ. ಮಾರುವವರು ಸಣ್ಣದೆಂದು ಹೇಳುವ ಒಂದು ಸೋರಿಕೆ ಹ್ಯಾಂಡ್ ಬ್ರೇಕನ್ನೇ ನಿರರ್ಥಕಗೊಳಿಸಿರಬಹುದು. ಇಂತಹ ಜೀಪನ್ನು ಇಳಿಜಾರಿನಲ್ಲಿ ನಿಲ್ಲಿಸುವಾಗ ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು ಕೊಡುವ ಹಳೆಯ ಚಾಲಕರ ಅಭ್ಯಾಸ ಸಕಾರಣವಾದುದು.

ಕೊಳ್ಳುವ ಮುನ್ನ ಪರೀಕ್ಷೆ

ಪರೀಕ್ಷೆಗೆ ಟಾರು ರಸ್ತೆ ತಕ್ಕದ್ದಲ್ಲ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ, ಉತ್ತ ಹೊಲ, ಮರಳು ಮಿಶ್ರಿತ ಮಣ್ಣುದಾರಿ ಇದಕ್ಕೆ ಸೂಕ್ತ. ಪರೀಕ್ಷೆಯ ಕ್ರಮ ಹೀಗಿದೆ:

1. ನಾಲ್ಕೂ ಟೈರುಗಳ ಅಳತೆ, ಸವೆತ, ಗಾಳಿಯ ಒತ್ತಡ ಒಂದೇ ಆಗಿದೆಯೇ ಎಂದು ನೋಡುವುದು.
2. ವಾಹನದ ಕೆಳಗೆ ಸೀಲು, ಡ್ರೈನ್ ಪ್ಲಗ್, ಮೌಂಟಿಂಗ್‌ಗಳನ್ನು ಟಾರ್ಚ್ ಬೆಳಕಿನಲ್ಲಿ ಪರೀಕ್ಷಿಸುವುದು. ಉಳಿದೆಲ್ಲ ಭಾಗ ಧೂಳುಮಯವಾಗಿದ್ದು ಟ್ರಾನ್ಸ್‌ಫರ್ ಕೇಸ್ ಮಾತ್ರ ತೊಳೆದು ಹೊಳೆಯುತ್ತಿದ್ದರೆ ಸೋರಿಕೆಯನ್ನು ಒರೆಸಿರುವ ಸಾಧ್ಯತೆ ಇದೆ.
3. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಸ್ಥಳದಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಶಬ್ದ ಅಥವಾ ನಡುಕ ಮರೆಮಾಡಲು ಅದನ್ನು ಬಿಚ್ಚಿ ತೆಗೆದಿರುವುದುಂಟು.
4. ಮಾಲೀಕರ ಒಪ್ಪಿಗೆಯಿಂದ ಲೆವೆಲ್ ಪ್ಲಗ್ ಬಿಚ್ಚಿ ಎಣ್ಣೆಯ ಮಟ್ಟ ಮತ್ತು ಬಣ್ಣ ನೋಡುವುದು. ಹಿಟ್ಟಿನಂತಹ ನುಣುಪಾದ ಲೋಹದ ಪುಡಿ ಸಹಜ ಸವೆತ. ಬೆರಳಿಗೆ ತಾಕುವ ಚೂರುಗಳು ಹಲ್ಲು ಅಥವಾ ಬೇರಿಂಗ್ ಮುರಿದಿರುವುದರ ಗುರುತು.
5. ಎಲ್ಲ ಸ್ಥಾನಗಳಿಗೂ ಲಿವರು ಬೀಳುತ್ತದೆಯೇ, ಸೂಚಕ ದೀಪ ಹೊತ್ತುತ್ತದೆಯೇ ಎಂದು ನೋಡುವುದು. 4L ಸ್ಥಾನಕ್ಕೆ ಬದಲಿಸುವಾಗ ತಯಾರಕರು ಹೇಳಿದಂತೆ ವಾಹನ ನಿಂತಿರಬೇಕು ಅಥವಾ ಅತಿ ನಿಧಾನವಾಗಿರಬೇಕು.
6. ಸಡಿಲ ಮಣ್ಣಿನಲ್ಲಿ 4H ಹಾಕಿ ಹೊರಟಾಗ ಮುಂದಿನ ಚಕ್ರಗಳೂ ಮಣ್ಣು ತೋಡುತ್ತವೆಯೇ ಎಂದು ಹೊರಗಿನಿಂದ ಒಬ್ಬರು ಗಮನಿಸುವುದು.
7. 4L ನಲ್ಲಿ ಸಣ್ಣ ಏರನ್ನು ಹತ್ತಿ, ಅದೇ ಗೇರಿನಲ್ಲಿ ಇಳಿದು, ಎರಡೂ ದಿಕ್ಕಿನಲ್ಲಿ ಲಿವರು ಜಾರದಿರುವುದನ್ನು ಖಚಿತಪಡಿಸಿಕೊಳ್ಳುವುದು.

ಒಂದು ಅಚ್ಚನ್ನು ಮಾತ್ರ ಜಾಕ್ ಮೇಲೆ ಎತ್ತಿ 4H ಹಾಕಿ ಎಂಜಿನ್ ಓಡಿಸುವುದು ಅತ್ಯಂತ ಅಪಾಯಕಾರಿ. ನೆಲದ ಮೇಲಿರುವ ಇನ್ನೊಂದು ಅಚ್ಚು ಎಳೆದು ವಾಹನ ಜಾಕಿನಿಂದ ಜಿಗಿಯುತ್ತದೆ.

ದಾಖಲೆ ಮತ್ತು ಕಾನೂನು

ಒಂದೇ ಹೊರರೂಪದ ವಾಹನ ಎರಡು ಚಕ್ರ ಮತ್ತು ನಾಲ್ಕು ಚಕ್ರ ಚಾಲನೆಯ ಎರಡೂ ರೂಪಗಳಲ್ಲಿ ಮಾರಾಟವಾಗಿರುವುದುಂಟು. ಬೊಲೆರೊ, ಸ್ಕಾರ್ಪಿಯೊ, ಥಾರ್ ಇದಕ್ಕೆ ಉದಾಹರಣೆ. ಎರಡು ಚಕ್ರ ಚಾಲನೆಯ ಜೀಪಿಗೆ ಹಳೆಯ ವಾಹನದ ಟ್ರಾನ್ಸ್‌ಫರ್ ಕೇಸನ್ನೂ ಮುಂದಿನ ಅಚ್ಚನ್ನೂ ಜೋಡಿಸಿ ಮಾರುವ ಸಾಧ್ಯತೆ ಇರುವುದರಿಂದ, ನೋಂದಣಿ ಪತ್ರದಲ್ಲಿರುವ ಮಾದರಿಯ ಹೆಸರು, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ವಾಹನದೊಂದಿಗೆ ತಾಳೆ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿರ್ಬಂಧವನ್ನು ಎತ್ತಿಹಿಡಿದಿದೆ.

ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30ನ್ನು ಸಾರಿಗೆ ಕಚೇರಿಗೆ ಸಲ್ಲಿಸಬೇಕು. ರಾಮನಗರದ ಸಾರಿಗೆ ಕಚೇರಿಯ ನೋಂದಣಿ ಸಂಕೇತ ಕೆಎ 42. ಖಾಸಗಿ ವಾಹನದ ನೋಂದಣಿ 15 ವರ್ಷಗಳ ಅವಧಿಯದಾಗಿದ್ದು, ಅನಂತರ ಪರೀಕ್ಷೆಯೊಂದಿಗೆ ನವೀಕರಿಸಬೇಕಾಗುತ್ತದೆ. ಹಳೆಯ ಜೀಪು ಕೊಳ್ಳುವವರಿಗೆ ಈ ಅಂಶ ಮುಖ್ಯ.

ದುರಸ್ತಿ ಮತ್ತು ಬದಲಾವಣೆ

ಸೀಲು, ಮೌಂಟಿಂಗ್, ಲಿವರಿನ ಬುಷ್, ತಂತಿಗಳ ದೋಷ ಸ್ಥಳೀಯ ಗ್ಯಾರೇಜಿನಲ್ಲೇ ಸರಿಹೋಗುವಂಥವು. ಬೇರಿಂಗ್, ಸರಪಳಿ, ಫೋರ್ಕ್ ಬದಲಿಸಲು ಪೆಟ್ಟಿಗೆಯನ್ನು ಇಳಿಸಿ ಪೂರ್ಣವಾಗಿ ಬಿಚ್ಚಬೇಕಾಗುತ್ತದೆ. ಪೆಟ್ಟಿಗೆಯ ಬೇರಿಂಗ್ ಕೂರುವ ಜಾಗವೇ ಸವೆದಿದ್ದರೆ ಹೊಸ ಬೇರಿಂಗ್ ಹಾಕಿದರೂ ನಿಲ್ಲದು. ಆಗ ಇಡೀ ಘಟಕವನ್ನು ಬದಲಿಸುವುದೇ ದಾರಿ. ಈ ಪ್ರದೇಶಕ್ಕೆ ಬಿಡಿಭಾಗಗಳ ದೊಡ್ಡ ಮಾರುಕಟ್ಟೆ ಬೆಂಗಳೂರಿನ ಜೆ.ಸಿ. ರಸ್ತೆ.

ಬಳಸಿದ ಘಟಕವನ್ನು ತರುವಾಗ ಅದರ ಅನುಪಾತ, ಸ್ಪೀಡೋಮೀಟರ್ ಜೋಡಣೆ, ಮುಂದಿನ ದಂಡ ಹೊರಡುವ ಬದಿ ಇವು ಮೂಲದಂತೆಯೇ ಇರಬೇಕು. ಮುಂದಿನ ದಂಡ ಎಡಬದಿಯಲ್ಲಿದ್ದು ಅಚ್ಚಿನ ಡಿಫರೆನ್ಷಿಯಲ್ ಬಲಬದಿಯಲ್ಲಿದ್ದರೆ ಶಾಫ್ಟನ್ನು ಜೋಡಿಸಲಾಗದು.

ನಿರ್ವಹಣೆ

ಎಣ್ಣೆಯ ವಿಧ ಎಲ್ಲ ಮಾದರಿಗಳಿಗೂ ಒಂದೇ ಅಲ್ಲ. ಹಲ್ಲುಚಕ್ರದ ಮಾದರಿಗಳಿಗೆ ಸಾಮಾನ್ಯವಾಗಿ ಗೇರ್ ಆಯಿಲ್, ಸರಪಳಿಯ ಹಲವು ಮಾದರಿಗಳಿಗೆ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ತೆಳು ಎಣ್ಣೆ ಬೇಕಾಗುತ್ತದೆ. ತಯಾರಕರ ಕೈಪಿಡಿಯನ್ನು ನೋಡಿಯೇ ತುಂಬಬೇಕು. ಹಿಂದಿನ ಇತಿಹಾಸ ತಿಳಿಯದ ವಾಹನ ಕೊಂಡ ಕೂಡಲೇ ಎಣ್ಣೆ ಬದಲಿಸುವುದು, ಹೊಳೆ ಅಥವಾ ಹಳ್ಳ ದಾಟಿದ ಮೇಲೆ ಎಣ್ಣೆಯ ಬಣ್ಣ ನೋಡುವುದು, ಗಾಳಿಕಿಂಡಿಯನ್ನು ಶುಚಿಯಾಗಿಡುವುದು ಕಡಿಮೆ ಖರ್ಚಿನ ಮುನ್ನೆಚ್ಚರಿಕೆಗಳು. ತಿಂಗಳಿಗೊಮ್ಮೆ ಮಣ್ಣಿನ ನೆಲದಲ್ಲಿ 4H ಮತ್ತು 4L ಹಾಕಿ ಸ್ವಲ್ಪ ದೂರ ಓಡಿಸಿದರೆ ಲಿವರಿನ ಕೊಂಡಿಗಳು ಬಿಗಿಯುವುದಿಲ್ಲ. ಮುಂದಿನ ಸೀಲುಗಳಿಗೂ ಎಣ್ಣೆ ತಲುಪುತ್ತದೆ.

ಕೆಟ್ಟುನಿಂತ ವಾಹನವನ್ನು ಎರಡು ಚಕ್ರ ಎತ್ತಿ ಎಳೆದೊಯ್ಯುವಾಗ ಟ್ರಾನ್ಸ್‌ಫರ್ ಕೇಸ್ 4H ಅಥವಾ 4L ನಲ್ಲಿ ಇರಕೂಡದು. ದೂರದ ಪ್ರಯಾಣವಾದರೆ ವಾಹನವನ್ನು ಲಾರಿಯ ಮೇಲೆ ಸಾಗಿಸುವುದು ಅಥವಾ ನೆಲದ ಮೇಲಿರುವ ಅಚ್ಚಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚುವುದು ಸುರಕ್ಷಿತ.